ಭಾರತದಲ್ಲಿ ಅಂಗಾಂಗ ಕಸಿ: ಕೊರತೆ ಮತ್ತು ನೈತಿಕತೆಯ ಇತಿಹಾಸ

ಒಬ್ಬರ ದೇಹದ ಅಂಗವನ್ನು ತೆಗೆದು ಇನ್ನೊಬ್ಬರಿಗೆ ಜೋಡಿಸುವ ಚಿಕಿತ್ಸೆಯೇ ಅಂಗಾಂಗ ಕಸಿ. ಮೂತ್ರಪಿಂಡ, ಯಕೃತ್ತು, ಹೃದಯ, ಶ್ವಾಸಕೋಶಗಳ ಕಸಿ ಇವುಗಳಲ್ಲಿ ಮುಖ್ಯವಾದವು. ಕಾಯುವವರು ಬಹಳ, ಸಿಗುವ ಅಂಗಗಳು ಕಡಿಮೆ. ಈ ಕೊರತೆಯನ್ನು ಯಾರ ದೇಹದಿಂದ ತುಂಬಿಕೊಳ್ಳಲಾಯಿತು ಎಂಬುದೇ ಭಾರತದಲ್ಲಿ ಈ ಚಿಕಿತ್ಸೆಯ ನೈತಿಕ ಇತಿಹಾಸದ ತಿರುಳು.

1954ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಜೋಸೆಫ್ ಮರ್ರೆ ಅವಳಿ ಸಹೋದರರ ನಡುವೆ ಮೂತ್ರಪಿಂಡ ಕಸಿ ಮಾಡಿ ಗೆದ್ದರು. ಯಾವ ಕಾಯಿಲೆಯೂ ಇಲ್ಲದವನ ಮೈಗೆ, ಅವನ ಆರೋಗ್ಯಕ್ಕೆ ಏನೂ ಲಾಭವಿಲ್ಲದಿದ್ದರೂ ಕತ್ತರಿ ಹಾಕುವುದು ಸರಿಯೇ ಎಂಬ ಪ್ರಶ್ನೆ ಅಂದೇ ಎದ್ದಿತು. 1967ರಲ್ಲಿ ಕೇಪ್‌ಟೌನ್‌ನಲ್ಲಿ ಕ್ರಿಶ್ಚಿಯನ್ ಬರ್ನಾರ್ಡ್ ಮೊದಲ ಬಾರಿಗೆ ಮನುಷ್ಯನ ಹೃದಯವನ್ನು ಮನುಷ್ಯನಿಗೆ ಕಸಿ ಮಾಡಿದರು. ಮರುವರ್ಷವೇ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಸಮಿತಿ, ಹೃದಯ ಬಡಿಯುತ್ತಿದ್ದರೂ ಮಿದುಳಿನ ಸಾವನ್ನೇ ಸಾವೆಂದು ಪರಿಗಣಿಸುವ ಲಕ್ಷಣಗಳನ್ನು ಪಟ್ಟಿ ಮಾಡಿತು. 1968ರಲ್ಲೇ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ಡಾ. ಪಿ.ಕೆ. ಸೇನ್ ಹೃದಯ ಕಸಿಗೆ ಕೈಹಾಕಿದರು, ರೋಗಿ ಉಳಿಯಲಿಲ್ಲ. ದೇಶದ ಮೊದಲ ಯಶಸ್ವಿ ಮೂತ್ರಪಿಂಡ ಕಸಿ ನಡೆದದ್ದು 1971ರಲ್ಲಿ, ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿ.

1980ರ ದಶಕದಲ್ಲಿ ಸೈಕ್ಲೋಸ್ಪೋರಿನ್ ಔಷಧ ಬಳಕೆಗೆ ಬಂತು. ಹೊರಗಿನ ಅಂಗವನ್ನು ದೇಹ ತಿರಸ್ಕರಿಸದಂತೆ ಅದು ತಡೆಯುತ್ತಿದ್ದುದರಿಂದ ರಕ್ತಸಂಬಂಧವಿಲ್ಲದವರ ಮೂತ್ರಪಿಂಡವೂ ದೇಹಕ್ಕೆ ಒಗ್ಗತೊಡಗಿತು. ಜೀವ ಉಳಿಸುವ ಇದೇ ಔಷಧ ಭಾರತದಲ್ಲಿ ಕಿಡ್ನಿ ದಂಧೆಗೂ ಬಾಗಿಲು ತೆರೆಯಿತು. ಚೆನ್ನೈನ ವಿಲ್ಲಿವಾಕ್ಕಂನಲ್ಲಿ ಕಿಡ್ನಿ ಮಾರಿದವರು ಎಷ್ಟಿದ್ದರೆಂದರೆ ಜನ ಆ ಬಡಾವಣೆಯನ್ನು ‘ಕಿಡ್ನಿವಾಕ್ಕಂ’ ಎಂದೇ ಕರೆದರು. ಸಾಲದಲ್ಲಿ ಮುಳುಗಿದ ಕುಟುಂಬಗಳನ್ನು ದಲ್ಲಾಳಿಗಳು ಹುಡುಕಿಕೊಂಡು ಬರುತ್ತಿದ್ದರು. ಬೆಂಗಳೂರಿನಲ್ಲೂ ಇಂಥ ಜಾಲ ಬಯಲಾಯಿತು.

ಮಾರುವವನಿಗೆ ಹಣ, ಕೊಳ್ಳುವವನಿಗೆ ಜೀವ ಸಿಗುವಾಗ ತಡೆಯುವುದೇಕೆ ಎಂದು ವಾದಿಸಿದವರಿದ್ದರು. ಇರಾನ್ 1988ರಿಂದ ದಾನಿಗೆ ಅಧಿಕೃತವಾಗಿಯೇ ಹಣ ಕೊಡುತ್ತಿರುವುದನ್ನು ಅವರು ಉದಾಹರಿಸುತ್ತಾರೆ. ಚೆನ್ನೈನಲ್ಲಿ ಮೂತ್ರಪಿಂಡ ಮಾರಿದ 305 ಮಂದಿಯನ್ನು ಮಾತನಾಡಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದ ಮುಂದೆ ಆ ವಾದ ನಿಲ್ಲುವುದಿಲ್ಲ. ಶೇ 96ರಷ್ಟು ಮಂದಿ ಸಾಲ ತೀರಿಸಲೆಂದೇ ಮಾರಿದ್ದರು. ಅವರಲ್ಲಿ ಮುಕ್ಕಾಲು ಪಾಲು ಜನರ ಮೇಲೆ ಆಮೇಲೂ ಸಾಲವಿತ್ತು. ಕುಟುಂಬದ ಸರಾಸರಿ ಆದಾಯ ಮೂರನೇ ಒಂದು ಭಾಗದಷ್ಟು ಕುಸಿದಿತ್ತು, ಬಹುತೇಕರ ಆರೋಗ್ಯವೂ ಕೆಟ್ಟಿತ್ತು. ನಿಮ್ಮಂಥವರಿಗೆ ಇದನ್ನು ಮಾಡಿ ಎನ್ನುತ್ತೀರಾ ಎಂದರೆ ಶೇ 79ರಷ್ಟು ಮಂದಿ ಬೇಡವೆಂದರು.

ಸಂಸತ್ತು 1994ರಲ್ಲಿ ಮಾನವ ಅಂಗಾಂಗ ಕಸಿ ಕಾಯ್ದೆ ತಂದು ಮಾರಾಟವನ್ನು ಅಪರಾಧವಾಗಿಸಿತು, ಮಿದುಳು ಸಾವಿಗೆ ಮಾನ್ಯತೆ ಕೊಟ್ಟಿತು. ಆದರೆ ಸಂಬಂಧಿಯಲ್ಲದವರೂ ಪ್ರೀತಿ, ಮಮತೆ ಅಥವಾ ವಿಶೇಷ ಕಾರಣದಿಂದ ಅಂಗ ಕೊಡಬಹುದೆಂದು 9ನೇ ಸೆಕ್ಷನ್ ಅವಕಾಶ ಇಟ್ಟಿತು. ಅನುಮತಿ ಕೊಡುವ ಸಮಿತಿಯ ಮುಂದೆ ಮನೆಗೆಲಸದವರು ಯಜಮಾನರ ಮೇಲಿನ ಮಮತೆಯ ಮಾತಾಡಿದರೆ, ಅದು ದುಡ್ಡಿಗಾಗಿ ಬಂದ ಮಾತೆಂದು ಸಾಬೀತುಪಡಿಸುವುದು ಸುಲಭವಿರಲಿಲ್ಲ. 2008ರಲ್ಲಿ ಗುರುಗ್ರಾಮದ ದೊಡ್ಡ ಜಾಲವೊಂದು ಹೊರಬಿತ್ತು. 2011ರ ತಿದ್ದುಪಡಿ ಗರಿಷ್ಠ ಶಿಕ್ಷೆಯನ್ನು 10 ವರ್ಷ ಜೈಲು ಮತ್ತು 1 ಕೋಟಿ ರೂಪಾಯಿ ದಂಡಕ್ಕೆ ಏರಿಸಿತು. ಅಜ್ಜ, ಅಜ್ಜಿ, ಮೊಮ್ಮಕ್ಕಳನ್ನೂ ಹತ್ತಿರದ ಸಂಬಂಧಿಗಳ ಪಟ್ಟಿಗೆ ಸೇರಿಸಿತು.

ಮೃತರಿಂದ ಅಂಗ ಪಡೆಯುವ ದಾರಿ ನಿಧಾನವಾಗಿ ತೆರೆಯಿತು. ಮಿದುಳು ನಿಷ್ಕ್ರಿಯವಾಗಿದೆ ಎಂದು ಸಾರಲು ನಾಲ್ವರು ವೈದ್ಯರು ಬೇಕು. ಕಸಿ ತಂಡದವರು ಅದರಲ್ಲಿರುವಂತಿಲ್ಲ. ಕಣ್ಣಿಗೆ ಬೆಳಕು ಬಿಟ್ಟು ನೋಡುತ್ತಾರೆ, ಕಿವಿಗೆ ತಣ್ಣೀರು ಹಾಯಿಸುತ್ತಾರೆ, ವೆಂಟಿಲೇಟರ್ ಕಳಚಿ ಎದೆ ತಾನಾಗಿ ಏಳುತ್ತದೆಯೇ ಎಂದು ಕಾಯುತ್ತಾರೆ. ಕನಿಷ್ಠ ಆರು ಗಂಟೆ ಬಿಟ್ಟು ಎಲ್ಲವನ್ನೂ ಮತ್ತೊಮ್ಮೆ ಮಾಡುತ್ತಾರೆ. ಇಷ್ಟಾದರೂ ಮೈ ಬೆಚ್ಚಗಿರುತ್ತದೆ, ಮಾನಿಟರಿನಲ್ಲಿ ಹೃದಯದ ಗೆರೆ ಓಡುತ್ತಲೇ ಇರುತ್ತದೆ. ಅಂಥ ಹೊತ್ತಿನಲ್ಲಿ ಮನೆಯವರ ಒಪ್ಪಿಗೆ ಕೇಳುವುದು ಈ ಕೆಲಸದಲ್ಲೇ ಅತಿ ಕಷ್ಟದ್ದು. ಕೇಳುವ ರೀತಿಯಲ್ಲಿ ಅವಸರ ಕಂಡರೆ ನಂಬಿಕೆ ಹೋಗುತ್ತದೆ.

2008ರ ಸೆಪ್ಟೆಂಬರಿನಲ್ಲಿ ಚೆನ್ನೈ ಬಳಿಯ ವೈದ್ಯ ದಂಪತಿ ಅಪಘಾತದಲ್ಲಿ ಮಿದುಳು ನಿಷ್ಕ್ರಿಯಗೊಂಡ ಮಗನ ಅಂಗಗಳನ್ನು ದಾನ ಮಾಡಿದರು. ಆ ಹುಡುಗನ ಹೃದಯ ಬೆಂಗಳೂರಿನ ಬಾಲಕಿಯೊಬ್ಬಳಿಗೆ ಸಂದಿತು. ಅದೇ ವರ್ಷ ತಮಿಳುನಾಡು ಸರ್ಕಾರ ಮೃತರ ಅಂಗದಾನಕ್ಕೆ ವ್ಯವಸ್ಥಿತ ಯೋಜನೆ ಆರಂಭಿಸಿತು. ಕರ್ನಾಟಕದಲ್ಲಿ ಅಂಗಗಳ ಹಂಚಿಕೆಯನ್ನು ಈಗ ‘ಜೀವಸಾರ್ಥಕತೆ’ ಸಂಸ್ಥೆ ನೋಡಿಕೊಳ್ಳುತ್ತದೆ. 2021ರ ಜೂನ್‌ನಲ್ಲಿ ಅಪಘಾತದಲ್ಲಿ ತೀರಿಕೊಂಡ ನಟ ಸಂಚಾರಿ ವಿಜಯ್ ಅವರ ಕುಟುಂಬದವರು ಅಂಗಗಳನ್ನು ದಾನ ಮಾಡಿದ್ದು ನಾಡಿನ ಮನೆಮನೆಗಳಲ್ಲಿ ಈ ವಿಷಯ ಮಾತಿಗೆ ಬರುವಂತೆ ಮಾಡಿತು.

2013ರಲ್ಲಿ ದೇಶದಲ್ಲಿ 5,000ಕ್ಕೂ ಕಡಿಮೆಯಿದ್ದ ವಾರ್ಷಿಕ ಕಸಿಗಳು 2023ರಲ್ಲಿ 18,000 ದಾಟಿದವು. ಆದರೆ ಆ ವರ್ಷ ಮೃತ ದಾನಿಗಳು ಕೇವಲ 1,099, ಉಳಿದವರೆಲ್ಲ ಬದುಕಿರುವವರು. ಬದುಕಿರುವ ದಾನಿಗಳಲ್ಲಿ ಹೆಚ್ಚಿನವರು ಹೆಂಗಸರು, ಅಂಗ ಪಡೆದವರಲ್ಲಿ ಹೆಚ್ಚಿನವರು ಗಂಡಸರು. 1995ರಿಂದ 2021ರವರೆಗಿನ ಲೆಕ್ಕದಲ್ಲಿ ಅಂಗ ಪಡೆದ ಐವರಲ್ಲಿ ನಾಲ್ವರು ಗಂಡಸರೇ. ಗಂಡನ ದುಡಿಮೆ ನಿಂತರೆ ಮನೆ ನಿಲ್ಲುತ್ತದೆ ಎಂಬ ಮಾತು ಹೆಂಡತಿಯ, ತಾಯಿಯ ‘ಸ್ವಇಚ್ಛೆ’ಯ ಹಿಂದೆ ಎಷ್ಟು ಕೆಲಸ ಮಾಡಿದೆಯೆಂದು ಅನುಮತಿಯ ಕಾಗದಪತ್ರ ಹೇಳುವುದಿಲ್ಲ. ಕಾಯುವವರ ಪಟ್ಟಿಯಲ್ಲಿ ಮಹಿಳೆಯರಿಗೆ ಆದ್ಯತೆ ಕೊಡುವಂತೆ ರಾಷ್ಟ್ರೀಯ ಅಂಗಾಂಗ ಕಸಿ ಸಂಸ್ಥೆ 2025ರಲ್ಲಿ ರಾಜ್ಯಗಳಿಗೆ ಸೂಚಿಸಿತು. ಇದು ಅನ್ವಯಿಸುವುದು ಮೃತರಿಂದ ಬರುವ ಅಂಗಗಳಿಗೆ ಮಾತ್ರ. ಮನೆಯೊಳಗೆ ಯಾರು ಕೊಡಬೇಕು, ಯಾರಿಗೆ ಕೊಡಬೇಕು ಎಂಬ ತೀರ್ಮಾನವನ್ನು ಅದು ಮುಟ್ಟುವುದಿಲ್ಲ.