ವಿನಿಪೆಗ್ ಮಕ್ಕಳು ಉಳಿಸಿದ ಭೂತ

ಒಂದು ಸಿನೆಮಾ ಚೆನ್ನಾಗಿದೆಯೋ ಇಲ್ಲವೋ ಅಂತ ತೀರ್ಮಾನ ಮಾಡೋರು ಯಾರು? ಪೇಪರಿನಲ್ಲಿ ವಿಮರ್ಶೆ ಬರೆಯೋರಾ, ಗಲ್ಲಾಪೆಟ್ಟಿಗೆಯಾ, ಅಥವಾ ಬಾಯಿ ಬಿಟ್ಟುಕೊಂಡು ನೋಡುವ ಹನ್ನೊಂದು ವರ್ಷದ ಹುಡುಗನಾ? ಈ ಪ್ರಶ್ನೆ ಬಂದಾಗಲೆಲ್ಲ ನನಗೆ ನೆನಪಾಗೋದು ‘ಫ್ಯಾಂಟಮ್ ಆಫ್ ದಿ ಪ್ಯಾರಡೈಸ್’.

1974ರ ಕೊನೆಗೆ ಅಮೆರಿಕದಲ್ಲಿ ಬಿಡುಗಡೆಯಾದ ಚಿತ್ರ ಇದು. ನಿರ್ದೇಶಕ ಬ್ರಯಾನ್ ಡಿ ಪಾಲ್ಮಾ. ಕಥೆ ಕೇಳಿದರೆ ನಿಮಗೆ ನಗು ಬರಬಹುದು. ವಿನ್ಸ್ಲೋ ಅನ್ನೋ ಬಡಪಾಯಿ ಸಂಗೀತಗಾರನ ಹಾಡುಗಳನ್ನು ಸ್ವಾನ್ ಅನ್ನೋ ರೆಕಾರ್ಡ್ ಕಂಪನಿ ದೊರೆ ಕದಿಯುತ್ತಾನೆ. ವಿನ್ಸ್ಲೋ ಜೈಲಿಗೆ ಹೋಗುತ್ತಾನೆ, ಅಲ್ಲಿ ಹಲ್ಲು ಕಿತ್ತು ಲೋಹದ ಹಲ್ಲು ಕೂರಿಸುತ್ತಾರೆ. ತಪ್ಪಿಸಿಕೊಂಡು ಬಂದರೆ ರೆಕಾರ್ಡ್ ಒತ್ತುವ ಯಂತ್ರಕ್ಕೆ ಸಿಕ್ಕಿ ಮುಖ ಸುಟ್ಟುಹೋಗುತ್ತದೆ. ಆಮೇಲೆ ಮುಖವಾಡ, ಕೇಪು ಹಾಕಿಕೊಂಡು ಸ್ವಾನ್‌ನ ಥಿಯೇಟರಿನಲ್ಲೇ ಭೂತವಾಗಿ ಅಲೆಯುತ್ತಾನೆ! ಜೊತೆಗೆ ರಕ್ತದಲ್ಲಿ ಸಹಿ ಹಾಕುವ ಕರಾರು, ಸೈತಾನ, ವೇದಿಕೆ ಮೇಲೇ ಕರೆಂಟು ಹೊಡೆದು ಸಾಯುವ ರಾಕ್ ಗಾಯಕ... ಹಾಡುಗಳನ್ನೆಲ್ಲ ಬರೆದದ್ದು ಪಾಲ್ ವಿಲಿಯಮ್ಸ್. ಖಳನಾಯಕ ಸ್ವಾನ್ ಆಗಿ ನಟಿಸಿದ್ದೂ ಅವರೇ.

ಅಭಿಪ್ರಾಯಗಳು ಎರಡು ಹೋಳಾದವು. ನ್ಯೂಯಾರ್ಕ್ ಟೈಮ್ಸ್‌ನ ವಿನ್ಸೆಂಟ್ ಕ್ಯಾನ್ಬಿಗೆ ಹಿಡಿಸಲಿಲ್ಲ. ನ್ಯೂಯಾರ್ಕರ್‌ನ ಪಾಲೀನ್ ಕೇಲ್ ಮೆಚ್ಚಿಕೊಂಡರು. ಸಂಗೀತಕ್ಕೆ ಆಸ್ಕರ್ ನಾಮನಿರ್ದೇಶನವೂ ಸಿಕ್ಕಿತು. ಆದರೆ ಜನ ಬರಲಿಲ್ಲ, ಚಿತ್ರ ತೋಪಾಯಿತು. ಪ್ಯಾರಿಸ್‌ನಲ್ಲಿ ಮಾತ್ರ ಒಂದಿಷ್ಟು ಅಭಿಮಾನಿಗಳು ಸಿಕ್ಕರು. ಮತ್ತು ಇನ್ನೊಂದು ಊರಿನಲ್ಲಿ.

ಆ ಊರು ಕೆನಡಾದ ವಿನಿಪೆಗ್. ಆಗ ಐದೂವರೆ ಲಕ್ಷದಷ್ಟು ಜನಸಂಖ್ಯೆ, ಹಲ್ಲು ಕಟಕಟಿಸುವ ಚಳಿ. 1974ರ ಡಿಸೆಂಬರ್ 26ರಂದು, ಕ್ರಿಸ್ಮಸ್ ಮಾರನೇ ದಿನ, ಅಲ್ಲಿನ ಗ್ಯಾರಿಕ್ ಚಿತ್ರಮಂದಿರಕ್ಕೆ ಚಿತ್ರ ಬಂತು. ಬಂದದ್ದು ತಿಂಗಳುಗಟ್ಟಲೆ ಓಡಿತು. ನೋಡಿದವರಲ್ಲಿ ಹೆಚ್ಚಿನವರು ಹತ್ತು ಹನ್ನೆರಡು ವರ್ಷದ ಮಕ್ಕಳು! ಒಂದೇ ಸಲ ಅಲ್ಲ, ಮತ್ತೆ ಮತ್ತೆ ನೋಡಿದರು. ಹಾಡುಗಳ ರೆಕಾರ್ಡ್ ಆ ಒಂದೇ ಊರಿನಲ್ಲಿ ಸುಮಾರು 20,000 ಮಾರಾಟವಾಯಿತಂತೆ. 1975ರಲ್ಲಿ ಪಾಲ್ ವಿಲಿಯಮ್ಸ್ ಅಲ್ಲಿಗೇ ಹೋಗಿ ಹಾಡಿ ಬಂದರು.

ಯಾಕೆ ವಿನಿಪೆಗ್ಗೇ? ರಜೆ, ಚಳಿ, ಒಬ್ಬರಿಂದೊಬ್ಬರಿಗೆ ಹಬ್ಬಿದ ಮಾತು ಅಂತ ಏನೇನೋ ಹೇಳಬಹುದು. ಆದರೆ ರಜೆ, ಚಳಿ ಎರಡೂ ಕೆನಡಾದ ಬೇರೆ ಊರುಗಳಲ್ಲೂ ಇದ್ದವಲ್ಲ! ನನಗನ್ನಿಸೋದು ಇಷ್ಟು: ಡಿ ಪಾಲ್ಮಾ ರಾಕ್ ಉದ್ಯಮವನ್ನು ಗೇಲಿ ಮಾಡಿದ್ದು ದೊಡ್ಡವರಿಗಾಗಿ. ಮಕ್ಕಳಿಗೆ ಆ ಗೇಲಿ ಬೇಕಿರಲಿಲ್ಲ. ತನ್ನದನ್ನು ಕಳಕೊಂಡವನ ಸಂಕಟ ನೇರವಾಗಿ ತಾಗಿತು. ದೊಡ್ಡವರು ಅಣಕ ನೋಡಿದರು, ಮಕ್ಕಳು ದುರಂತ ನೋಡಿದರು.

ಇದೇ ಫಾಕ್ಸ್ ಸಂಸ್ಥೆ 1975ರಲ್ಲಿ ಬಿಡುಗಡೆ ಮಾಡಿದ ‘ರಾಕಿ ಹಾರರ್ ಪಿಕ್ಚರ್ ಶೋ’ ಕೂಡ ಮೊದಲು ಬಿದ್ದದ್ದೇ. 1976ರ ಏಪ್ರಿಲ್‌ನಿಂದ ನ್ಯೂಯಾರ್ಕಿನ ವೇವರ್ಲಿಯಲ್ಲಿ ಮಧ್ಯರಾತ್ರಿ ಆಟ ಶುರುವಾದ ಮೇಲೆ, ಪ್ರೇಕ್ಷಕರೇ ತೆರೆಯತ್ತ ಕೂಗಿ, ವೇಷ ಹಾಕಿ, ಅದನ್ನು ಹಬ್ಬ ಮಾಡಿಬಿಟ್ಟರು. ಫ್ಯಾಂಟಮ್‌ಗೆ ಅಂಥ ಜಾತ್ರೆ ಸಿಗಲಿಲ್ಲ, ಸಿಕ್ಕಿದ್ದು ಒಂದು ಊರಿನ ನೆನಪು.

ಆದರೆ ಆ ನೆನಪು ಸಣ್ಣದಲ್ಲ. ಪಾಲ್ ವಿಲಿಯಮ್ಸ್ ‘ಎ ಸ್ಟಾರ್ ಈಸ್ ಬಾರ್ನ್’ ಚಿತ್ರದ ಹಾಡಿಗೆ ಆಸ್ಕರ್ ಗೆದ್ದು, ಎಂಬತ್ತರ ದಶಕದಲ್ಲಿ ಕುಡಿತ, ಮಾದಕವಸ್ತುಗಳಲ್ಲಿ ಮುಳುಗಿಹೋದರು. 1990ರಲ್ಲಿ ಅದನ್ನೆಲ್ಲ ಬಿಟ್ಟರು. ಅಷ್ಟರಲ್ಲಿ ಜಗತ್ತು ಅವರನ್ನು ಬಹುಪಾಲು ಮರೆತಿತ್ತು. ವಿನಿಪೆಗ್ ಮರೆಯಲಿಲ್ಲ. ಆ ಮಕ್ಕಳು ನಲವತ್ತು ದಾಟಿದ ಮೇಲೆ, 2005 ಮತ್ತು 2006ರಲ್ಲಿ ‘ಫ್ಯಾಂಟಮ್‌ಪಲೂಜಾ’ ಅಂತ ಹಬ್ಬ ಮಾಡಿ ಕಲಾವಿದರನ್ನೆಲ್ಲ ಕರೆಸಿದರು. 2019ರಲ್ಲಿ ಈ ಪ್ರೀತಿಯ ಬಗ್ಗೆಯೇ ‘ಫ್ಯಾಂಟಮ್ ಆಫ್ ವಿನಿಪೆಗ್’ ಅನ್ನೋ ಸಾಕ್ಷ್ಯಚಿತ್ರ ಬಂತು. ಅತ್ತ ಪ್ಯಾರಿಸ್‌ನಲ್ಲಿ ಇಬ್ಬರು ಹುಡುಗರು ಜೊತೆಯಾಗಿ ಇದನ್ನು ಇಪ್ಪತ್ತಕ್ಕೂ ಹೆಚ್ಚು ಸಲ ನೋಡಿದ್ದರಂತೆ. ಮುಂದೆ ಅವರೇ ಮುಖವಾಡ ಹಾಕಿಕೊಂಡು ‘ಡಾಫ್ಟ್ ಪಂಕ್’ ಆದರು! 2013ರ ತಮ್ಮ ಆಲ್ಬಮ್ಮಿನಲ್ಲಿ ಪಾಲ್ ವಿಲಿಯಮ್ಸ್ ಕೈಲಿ ಹಾಡಿಸಿದರು. 2014ರ ಜನವರಿಯಲ್ಲಿ ಅದಕ್ಕೆ ವರ್ಷದ ಆಲ್ಬಮ್ ಗ್ರ್ಯಾಮಿ ಬಂದಾಗ, ಮುಖವಾಡದವರ ಪರವಾಗಿ ವೇದಿಕೆಯಲ್ಲಿ ಮಾತಾಡಿದ್ದೂ ಅವರೇ.

ನಾವು ಸಾಫ್ಟ್‌ವೇರ್‌ನವರು ಲೆಕ್ಕ ಹಾಕುವಾಗ ಗುಂಪಿಗೆ ಸೇರದ ಒಂದು ಅಂಕಿಯನ್ನು ‘ಔಟ್‌ಲಯರ್’ ಅಂತ ಪಕ್ಕಕ್ಕೆ ತಳ್ಳುತ್ತೇವೆ. ಸರಾಸರಿ ನೋಡಿದರೆ ಈ ಸಿನೆಮಾ ಸತ್ತಿತ್ತು. ಅದನ್ನು ಉಳಿಸಿದ್ದು ಆ ಪಕ್ಕಕ್ಕೆ ತಳ್ಳಬೇಕಾದ ಅಂಕಿಯೇ. ಎಲ್ಲರಿಗೂ ಸ್ವಲ್ಪ ಸ್ವಲ್ಪ ಇಷ್ಟವಾಗಿ ಮರೆತುಹೋಗುವುದಕ್ಕಿಂತ, ಎಲ್ಲೋ ಒಂದು ಊರಿನ ಮಕ್ಕಳಿಗೆ ಜೀವದಷ್ಟು ಇಷ್ಟವಾಗೋದೇ ಮೇಲು ಅಲ್ವಾ?

ನೀವೇನಂತೀರಿ? ಎಲ್ಲರೂ ತೋಪು ಅಂದ, ನೀವು ಮಾತ್ರ ಮತ್ತೆ ಮತ್ತೆ ನೋಡಿದ ಚಿತ್ರ ಯಾವುದು? ತಿಳಿಸಿ... ನಾನೂ ನೋಡ್ತೀನಿ :)