ಕೊಲ್ಲಾರಿ ಬಂಡಿಯಿಂದ ವ್ಯಾನಿನವರೆಗೆ

ಬನದ ಹುಣ್ಣಿಮೆ ಹತ್ತಿರ ಬಂತೆಂದರೆ ದೇವರ ಹಿಪ್ಪರಗಿಯನ್ನು ಹಾಯ್ದುಹೋಗುವ ಕಲಬುರಗಿ–ವಿಜಯಪುರ ಹೆದ್ದಾರಿಯಲ್ಲಿ ಒಂದು ಬಗೆಯ ವಾಹನಗಳು ಕಣ್ಣಿಗೆ ಬೀಳುತ್ತವೆ. ಮೇಲೆ ಕ್ಯಾರಿಯರಿನಲ್ಲಿ ಹಾಸಿಗೆಯ ಗಂಟು, ಪಾತ್ರೆ ತುಂಬಿದ ಬುಟ್ಟಿ, ಉರುವಲು. ಒಳಗೆ ಹಿಂದಿನ ಸೀಟು ಕಿತ್ತು ಹಾಸಿದ ಜಮಖಾನ. ಅದರ ಮೇಲೆ ಅಜ್ಜಿಯಿಂದ ಮೊಮ್ಮಗುವಿನವರೆಗೆ ಇಡೀ ಮನೆತನ. ಹೊರಟದ್ದು ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ. ದಾರಿಯಲ್ಲೇ ಅಡುಗೆ, ದಾರಿಯಲ್ಲೇ ವಸ್ತಿ.

ವ್ಯಾನನ್ನೇ ಮನೆ ಮಾಡಿಕೊಂಡು ಸಂಸಾರ ಸಮೇತ ತಿರುಗಾಡುವುದು ಪಶ್ಚಿಮದವರಿಂದ ಬಂದ ಹವ್ಯಾಸವೆಂಬ ಭಾವನೆ ಹಲವರಲ್ಲಿದೆ. ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪನಿ 1950ರಲ್ಲಿ ತನ್ನ ವ್ಯಾನನ್ನು ಹೊರತಂದಿತು. ಮರುವರ್ಷವೇ ವೆಸ್ಟ್‌ಫಾಲಿಯಾ ಎಂಬ ಮತ್ತೊಂದು ಕಂಪನಿ ಅದರೊಳಗೆ ಹಾಸಿಗೆ, ಕಪಾಟು ಜೋಡಿಸಿಕೊಡಲು ಮುಂದಾಯಿತು. ಆದರೆ ಅದಕ್ಕೂ ಬಹಳ ಹಿಂದಿನಿಂದ ಬಿಜಾಪುರ ಸೀಮೆಯ ರೈತ ಗೊಬ್ಬರ ಹೇರುವ ತನ್ನ ಚಕ್ಕಡಿಯನ್ನೇ ವರ್ಷಕ್ಕೊಮ್ಮೆ ಗಾಲಿಯ ಮೇಲಿನ ಮನೆಯನ್ನಾಗಿ ಮಾಡುತ್ತಿದ್ದ. ಅದೇ ಕೊಲ್ಲಾರಿ ಬಂಡಿ.

ರೈಲು ಬಾರದ ಊರುಗಳು

ಹನ್ನೆರಡನೆಯ ಶತಮಾನದ ಶರಣ ಮಡಿವಾಳ ಮಾಚಿದೇವರ ಜನ್ಮಸ್ಥಳವೆಂದು ಹೆಸರಾದ ದೇವರ ಹಿಪ್ಪರಗಿ ಮೊದಲು ಸಿಂದಗಿ ತಾಲ್ಲೂಕಿನಲ್ಲಿತ್ತು. ಈಗ ತಾನೇ ತಾಲ್ಲೂಕು ಕೇಂದ್ರ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಗದಗ–ಹೊಟಗಿ ರೈಲುಮಾರ್ಗ ಬಂದಾಗ ಅದು ಬಿಜಾಪುರವನ್ನು ಮುಟ್ಟಿತೇ ಹೊರತು ಸಿಂದಗಿ, ಮುದ್ದೇಬಿಹಾಳ, ದೇವರ ಹಿಪ್ಪರಗಿಗಳತ್ತ ತಿರುಗಲಿಲ್ಲ. ಇಂಡಿ ಮತ್ತು ಬಸವನ ಬಾಗೇವಾಡಿಗಳ ಪಾಲಿಗೆ ಬಂದದ್ದೂ ‘ಇಂಡಿ ರೋಡ್’, ‘ಬಸವನ ಬಾಗೇವಾಡಿ ರೋಡ್’ ಎಂಬ ನಿಲ್ದಾಣಗಳೇ. ನಿಲ್ದಾಣದ ಹೆಸರಿನಲ್ಲಿ ‘ರೋಡ್’ ಇದ್ದರೆ ಊರು ಅಲ್ಲಿಂದ ದೂರ, ಮುಂದಿನ ದಾರಿ ನಿಮ್ಮದು ಎಂದೇ ಅರ್ಥ. ಆ ಮುಂದಿನ ದಾರಿಯನ್ನು ಸವೆಸಿದ್ದು ಚಕ್ಕಡಿ.

ಜಾತ್ರೆಗಂತೂ ಚಕ್ಕಡಿ ಬಿಟ್ಟರೆ ಕಾಲ್ನಡಿಗೆಯೇ ಗತಿ. ಇಲ್ಲಿಂದ ಎಲ್ಲಮ್ಮನ ಗುಡ್ಡ 150 ಕಿಲೋಮೀಟರಿಗೂ ಹೆಚ್ಚು ದೂರ, ನಡುವೆ ಕೃಷ್ಣೆ ಬೇರೆ. ಹೇರು ಹೊತ್ತ ಎತ್ತಿನ ನಡಿಗೆ ಗಂಟೆಗೆ ಮೂರು ನಾಲ್ಕು ಕಿಲೋಮೀಟರು. ದಿನಕ್ಕೆ 25 ಕಿಲೋಮೀಟರು ಕ್ರಮಿಸಿದರೂ ಹೋಗಲು ಒಂದು ವಾರ, ಬರಲು ಒಂದು ವಾರ. ಅಷ್ಟು ದಿನ ಮಕ್ಕಳು, ಮುದುಕರು, ಬಾಣಂತಿಯರು ಬದುಕಬೇಕಾದದ್ದು ಆ ಬಂಡಿಯೊಳಗೇ.

ಹಾಸಿಗೆಯೇ ಮೇವು

ಬಂಡಿಯನ್ನು ಮನೆಯಾಗಿಸುವ ಕೆಲಸ ಗಾಲಿಯಿಂದ ಶುರುವಾಗುತ್ತಿತ್ತು. ಬಡಿಗ ಬಂದು ಅಚ್ಚು, ಅರೆಕಾಲು ನೋಡಬೇಕು. ಸಡಿಲಾದ ಕಬ್ಬಿಣದ ಹಳಿಯನ್ನು ಕಮ್ಮಾರ ಕಾಯಿಸಿ ಬಿಗಿಯಬೇಕು. ಕೀಲೆಣ್ಣೆಯ ಡಬ್ಬಿ ಬಂಡಿಯ ಕೆಳಗೆ ತೂಗಬೇಕು. ಆಮೇಲೆ ಬಿದಿರಿನ ದಬ್ಬೆಗಳನ್ನು ಕಮಾನಿನಂತೆ ಬಾಗಿಸಿ ಎರಡೂ ಬದಿಗೆ ಕಟ್ಟಿ, ಮೇಲೆ ಚಾಪೆ ಅಥವಾ ಗೋಣಿತಟ್ಟು ಹೊದಿಸುತ್ತಿದ್ದರು. ಮುಂದೆ ಅದರ ಜಾಗಕ್ಕೆ ತಾಡಪತ್ರಿ ಬಂತು.

ಒಳಗಿನ ಹಾಸಿಗೆಯಂತೂ ಜಾಣತನದ ಕೆಲಸ. ತಳಕ್ಕೆ ಜೋಳದ ಕಣಿಕಿ, ಅದರ ಮೇಲೆ ಜಮಖಾನ, ಮೇಲೆ ಕೌದಿ. ಕಲ್ಲುದಾರಿಯ ಕುಲುಕಾಟವನ್ನು ನುಂಗಿಕೊಳ್ಳುತ್ತಿದ್ದ ಆ ಕಣಿಕಿಯೇ ಸಂಜೆಗೆ ಎತ್ತಿನ ಮೇವು. ಜಾತ್ರೆ ಮುಗಿಸಿ ಊರು ಸಮೀಪಿಸುವಷ್ಟರಲ್ಲಿ ಹಾಸಿಗೆ ತೆಳ್ಳಗಾಗಿರುತ್ತಿತ್ತು! ಎಳ್ಳು ಹಚ್ಚಿದ ಸಜ್ಜಿರೊಟ್ಟಿ, ಶೇಂಗಾ ಹಿಂಡಿ, ಮಾದಲಿಯ ಬುತ್ತಿ ವಾರಗಟ್ಟಲೆ ಕೆಡುತ್ತಿರಲಿಲ್ಲವಾದ್ದರಿಂದ ಹೊತ್ತು ಹೊತ್ತಿಗೂ ಒಲೆ ಹೂಡುವ ತಾಪತ್ರಯವಿರಲಿಲ್ಲ.

ಬರೆಯದ ಕಾಯಿದೆ

ಈ ಪ್ರಯಾಣಕ್ಕೆ ಕಟ್ಟುನಿಟ್ಟಿನ ನಿಯಮಗಳಿದ್ದವು. ಎಲ್ಲಿಯೂ ಬರೆದಿಡದಿದ್ದರೂ ಎಲ್ಲರಿಗೂ ಗೊತ್ತಿದ್ದವು.

ಮೊದಲನೆಯದು ಭಾರದ ಹಂಚಿಕೆ. ಎರಡು ಗಾಲಿಯ ಬಂಡಿಯಲ್ಲಿ ಭಾರ ಅಚ್ಚಿನ ನೇರಕ್ಕೆ ಇರಬೇಕು. ಮುಂದೆ ಹೆಚ್ಚಾದರೆ ಎತ್ತಿನ ಹೆಗಲು ಹುಣ್ಣಾಗುತ್ತದೆ, ಹಿಂದೆ ಹೆಚ್ಚಾದರೆ ನೊಗ ಮೇಲೆದ್ದು ಕೊರಳಿನ ಹಗ್ಗ ಬಿಗಿಯುತ್ತದೆ. ಭಾರವಾದ ಸಾಮಾನು ತಳದಲ್ಲೇ ಇರಬೇಕು, ಕಮಾನಿನ ಮೇಲೆ ಏನನ್ನೂ ಹೇರುವಂತಿಲ್ಲ. ಎರಡನೆಯದು ಬೆಂಕಿಯ ಮಾತು. ಕಣಿಕಿ, ಚಾಪೆ, ಬಿದಿರು ಎಲ್ಲವೂ ಕಿಡಿ ತಾಗಿದರೆ ಸಾಕು ಎನ್ನುವಂಥವು. ಆದ್ದರಿಂದ ಒಲೆ ಬಂಡಿಯಿಂದ ದೂರ, ಗಾಳಿಯ ದಿಕ್ಕು ನೋಡಿ, ಮೂರು ಕಲ್ಲಿಟ್ಟು ಹೂಡಬೇಕು. ಎಷ್ಟೇ ಚಳಿಯಿದ್ದರೂ ಕಮಾನಿನೊಳಗೆ ಬೆಂಕಿ ಕೂಡದು. ಮೂರನೆಯದು, ಹೊತ್ತು ಮುಳುಗುವ ಮುಂಚೆ ನೀರಿರುವಲ್ಲಿ ಕೊಳ್ಳ ಹರಿಯಬೇಕು. ಗಾಲಿಗೆ ಕಲ್ಲು ಕೊಟ್ಟು, ನೊಗಕ್ಕೆ ಊರುಗೋಲು ನಿಲ್ಲಿಸಿದ ಮೇಲೆಯೇ ಮಕ್ಕಳನ್ನು ಮಲಗಿಸುವುದು. ನಾಲ್ಕನೆಯದು, ಒಂಟಿ ಬಂಡಿ ಹೊರಡಬಾರದು. ಹತ್ತಾರು ಬಂಡಿಗಳು ಸಾಲಾಗಿ ಹೊರಟರೆ ಎರೆಮಣ್ಣಿನಲ್ಲಿ ಒಂದರ ಗಾಲಿ ಹೂತರೂ ಎತ್ತಲು ಉಳಿದವರಿದ್ದರು.

ಎಂಜಿನ್ ಬಂದಾಗ

ಟೈರಿನ ಚಕ್ಕಡಿ, ಟ್ರ್ಯಾಕ್ಟರು, ಮೆಟಡೋರ್, ಟೆಂಪೋ ಒಂದರ ಹಿಂದೊಂದು ಬಂದವು. 1984ರಲ್ಲಿ ಮಾರುತಿ ವ್ಯಾನ್ ಬಂತು. 1988ರಿಂದ ಅದಕ್ಕೆ ಓಮ್ನಿ ಎಂಬ ಹೆಸರಾಯಿತು. 796 ಸಿಸಿಯ ಪುಟ್ಟ ಎಂಜಿನ್, ಜಾರುವ ಬಾಗಿಲು, ಸೀಟು ತೆಗೆದರೆ ಸಮತಟ್ಟಾದ ನೆಲ. ಸಣ್ಣ ಊರಿನ ಸಂಸಾರಕ್ಕೆ ಅದು ಹೊಸ ಕೊಲ್ಲಾರಿ ಬಂಡಿಯೇ ಆಯಿತು. 2019ರಲ್ಲಿ ತಯಾರಿಕೆ ನಿಂತಿತು. ಎಂಜಿನ್ನನ್ನು ಮುಂದಿನ ಸೀಟಿನಡಿಯೇ ಇಟ್ಟಿದ್ದ, ಮೂತಿಯಿಲ್ಲದ ಆ ವ್ಯಾನಿನಲ್ಲಿ ಎದುರಿನಿಂದ ಢಿಕ್ಕಿಯಾದರೆ ಹೊಡೆತವನ್ನು ತಾಳಿಕೊಳ್ಳಲು ಚಾಲಕನ ಮುಂದೆ ತಗಡಲ್ಲದೆ ಹೆಚ್ಚೇನೂ ಇರಲಿಲ್ಲ.

ವಾಹನ ಬದಲಾಯಿತು. ಇಡೀ ಮನೆತನವನ್ನು ಕೂಡಿಸಿಕೊಂಡು ಹೋಗುವ ಪ್ರೀತಿ ಉಳಿಯಿತು. ಆದರೆ ಬರೆಯದ ಆ ಕಾಯಿದೆಯನ್ನು ನಾವು ಬಂಡಿಯ ಜೊತೆಗೇ ಹಿತ್ತಿಲಲ್ಲಿ ಬಿಟ್ಟುಬಂದೆವು. ಬಂಡಿ ಹೊಡೆಯುವವ ತೂಕಡಿಸಿದರೂ ಎತ್ತು ದಾರಿ ಬಿಡುತ್ತಿರಲಿಲ್ಲ. ಎಂಜಿನ್ನಿಗೆ ಆ ಬುದ್ಧಿಯಿಲ್ಲ. ಗಂಟೆಗೆ 4 ಕಿಲೋಮೀಟರಿನ ಬದಲು 60ರಲ್ಲಿ ಹೋದರೆ ವೇಗ ಹೆಚ್ಚುವುದು 15 ಪಟ್ಟು. ಅಷ್ಟೇ ತೂಕದ ವಾಹನ ಢಿಕ್ಕಿಯಲ್ಲಿ ಹೊರಹಾಕುವ ಶಕ್ತಿ ಮಾತ್ರ 225 ಪಟ್ಟು.

2023ರ ಜನವರಿ ಮೊದಲ ವಾರ ಬೆಳಗಾವಿ ಜಿಲ್ಲೆಯ ರಾಮದುರ್ಗ ತಾಲ್ಲೂಕಿನಲ್ಲಿ ಎಲ್ಲಮ್ಮನ ಗುಡ್ಡಕ್ಕೆ ಹೊರಟಿದ್ದ ಭಕ್ತರನ್ನು ಹೊತ್ತ ಸರಕು ವಾಹನವೊಂದು ಮರಕ್ಕೆ ಬಡಿದು ಆರು ಮಂದಿ ಸತ್ತರು. 2024ರ ಡಿಸೆಂಬರಿನಲ್ಲಿ ಕೇರಳದ ವಡಕರದಲ್ಲಿ ರಸ್ತೆ ಬದಿ ನಿಲ್ಲಿಸಿದ್ದ ಕ್ಯಾರವಾನಿನೊಳಗೆ ಇಬ್ಬರು ಶವವಾಗಿ ಸಿಕ್ಕರು. ಜನರೇಟರಿನಿಂದ ಹೊರಟ ಕಾರ್ಬನ್ ಮಾನಾಕ್ಸೈಡ್ ಒಳಗೆ ನುಸುಳಿತ್ತು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ. ಮುಚ್ಚಿದ ವ್ಯಾನಿನಲ್ಲಿ ಚಳಿಗೆಂದು ಇಟ್ಟುಕೊಂಡ ಕೆಂಡದಿಂದಲೂ ಹುಟ್ಟುವುದು ಇದೇ ಅನಿಲ. ಕಮಾನಿನೊಳಗೆ ಬೆಂಕಿ ಕೂಡದು ಎಂದ ಹಿರಿಯರಿಗೆ ಅನಿಲದ ಹೆಸರು ಗೊತ್ತಿರಲಿಲ್ಲ, ನಿಯಮ ಗೊತ್ತಿತ್ತು.

ಕಾನೂನೂ ಈ ವಿಷಯದಲ್ಲಿ ಸುಮ್ಮನಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮನಬಂದಂತೆ ಮಾರ್ಪಡಿಸುವಂತಿಲ್ಲ. ಸುಪ್ರೀಂ ಕೋರ್ಟ್ ಕೂಡ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಸೀಟು ಕೀಳುವ, ಚಾವಣಿ ಕೊಯ್ಯುವ ಮುನ್ನ ಸಾರಿಗೆ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಲೇಸು.

ಉಳಿದದ್ದನ್ನು ಹಳೆಯ ಕಾಯಿದೆಯೇ ಹೇಳುತ್ತದೆ. ಭಾರ ತಳದಲ್ಲಿರಲಿ, ಚಾವಣಿಯ ಮೇಲೆ ಬೇಡ. ಒಲೆ, ಸಿಲಿಂಡರು ಹೊರಗಿರಲಿ. ಮಲಗುವಾಗ ಎಂಜಿನ್ ಆರಿರಲಿ, ಕಿಟಕಿ ಬೆರಳಷ್ಟಾದರೂ ತೆರೆದಿರಲಿ. ಹೊತ್ತು ಮುಳುಗಿದ ಮೇಲೆ ಸ್ಟೇರಿಂಗ್ ಬಿಟ್ಟು ವಸ್ತಿ ಹಿಡಿಯಿರಿ. ಇವುಗಳ ಜೊತೆ ಹೊಸದಾಗಿ ಸೇರಿಸಬೇಕಾದ್ದು ಒಂದೇ: ಚಲಿಸುವಾಗ ಎಲ್ಲರೂ ಸೀಟಿನಲ್ಲಿ ಬೆಲ್ಟು ಹಾಕಿಕೊಂಡು ಕೂತಿರಬೇಕು, ಜಮಖಾನ ಬಿಚ್ಚುವುದು ಗಾಡಿ ನಿಂತ ಮೇಲೆ.

ಎಲ್ಲಮ್ಮನ ಗುಡ್ಡಕ್ಕೆ ಇಂದಿಗೂ ಕೊಲ್ಲಾರಿ ಬಂಡಿಗಳು ಬರುತ್ತವೆ. ಪಕ್ಕದಲ್ಲೇ ವ್ಯಾನುಗಳು ನಿಲ್ಲುತ್ತವೆ. ಬಂಡಿಯವರು ಗಾಲಿಗೆ ಕಲ್ಲು ಕೊಟ್ಟು, ಒಲೆಯನ್ನು ದೂರ ಹೂಡಿ, ಆಮೇಲೆ ಮಕ್ಕಳನ್ನು ಮಲಗಿಸುತ್ತಾರೆ. ವ್ಯಾನಿನವರು ಅದನ್ನೊಮ್ಮೆ ತಿರುಗಿ ನೋಡಿದರೆ ಸಾಕು.