ಅರ್ಧಚ್ಛೇದ: ಒಂದರ ಕೆಳಗಿನ ಎಣಿಕೆ

ವಿಜಯಪುರದ ಸಹಸ್ರಫಣಿ ಪಾರ್ಶ್ವನಾಥನಿಗೆ 1008 ಹೆಡೆಗಳೆಂಬುದು ಪ್ರಸಿದ್ಧಿ. ಈ ಸಂಖ್ಯೆಯನ್ನು ಅರ್ಧಿಸುತ್ತ ಹೋದರೆ 504, 252, 126, 63 ಎಂದು ನಾಲ್ಕು ಸಲ ಪೂರ್ಣಾಂಕ ದೊರೆಯುತ್ತದೆ; ಐದನೆಯ ಸಲ ಭಿನ್ನರಾಶಿ ಬರುತ್ತದೆ. 1024 ಆದರೋ ಹತ್ತು ಸಲ ಅರ್ಧಗೊಂಡು ಒಂದಕ್ಕೆ ಬಂದು ನಿಲ್ಲುತ್ತದೆ. ಒಂದು ರಾಶಿಯನ್ನು ಎಷ್ಟು ಸಲ ಅರ್ಧಿಸಬಹುದೆಂಬ ಈ ಎಣಿಕೆಯೇ ಜೈನ ಗಣಿತದ 'ಅರ್ಧಚ್ಛೇದ'. ಎರಡರ ಘಾತಗಳ ಮಟ್ಟಿಗೆ ಇದು ಇಂದಿನ ದ್ವಿ-ಆಧಾರದ ಲಘುಗಣಕವೇ, ಅಂದರೆ ಲಾಗರಿದಮ್ಮೇ ಆಗಿದೆ.

ವಿಜಯಪುರ, ತಿಕೋಟಾ, ಬಬಲೇಶ್ವರಗಳ ಬಯಲುಸೀಮೆಯು ರಾಷ್ಟ್ರಕೂಟರ ಆಳ್ವಿಕೆಯಲ್ಲಿದ್ದ 9ನೆಯ ಶತಮಾನದಲ್ಲಿ ವೀರಸೇನಾಚಾರ್ಯರು ಷಟ್ಖಂಡಾಗಮಕ್ಕೆ 'ಧವಲಾ' ಟೀಕೆಯನ್ನು ರಚಿಸಿದರು. ಜೈನ ಲೋಕವರ್ಣನೆಯಲ್ಲಿ ಜಂಬೂದ್ವೀಪದ ವ್ಯಾಸ ಒಂದು ಲಕ್ಷ ಯೋಜನ. ಅದನ್ನು ಬಳಸಿರುವ ಲವಣಸಮುದ್ರದ ಅಗಲ ಎರಡು ಲಕ್ಷ. ಮುಂದಿನ ಪ್ರತಿ ದ್ವೀಪವೂ ಸಮುದ್ರವೂ ಹಿಂದಿನದರ ಇಮ್ಮಡಿ. ಇಮ್ಮಡಿಸುತ್ತ ಬೆಳೆಯುವ ಲೋಕವನ್ನು ಅಳೆಯಲು ಅರ್ಧಿಸುವ ಎಣಿಕೆಯೇ ಸಹಜ ಸಾಧನವಾಯಿತು. ಮೂರರಿಂದ, ನಾಲ್ಕರಿಂದ ಭಾಗಿಸುವ ತ್ರಿಕಚ್ಛೇದ, ಚತುರ್ಥಚ್ಛೇದಗಳೂ ಧವಲೆಯಲ್ಲಿವೆ. ಈ ಮಹಾಗ್ರಂಥವನ್ನು ಶತಮಾನಗಳ ಕಾಲ ಕಾಪಾಡಿದ್ದು ಮೂಡಬಿದಿರೆಯ ತಾಡವೋಲೆಗಳು.

ಗುಣಲಬ್ಧದ ಅರ್ಧಚ್ಛೇದವು ಅರ್ಧಚ್ಛೇದಗಳ ಮೊತ್ತ, ಭಾಗಲಬ್ಧದ್ದು ಅವುಗಳ ವ್ಯತ್ಯಾಸ ಎಂಬ ನಿಯಮಗಳನ್ನೂ ಧವಲಾ ಬಲ್ಲದು. 32ರ ಅರ್ಧಚ್ಛೇದ 5, 4ರದು 2. ಆದ್ದರಿಂದ 32ನ್ನು 4ರಿಂದ ಭಾಗಿಸಿದಾಗ ಬರುವ 8ರದು 3. ಈಗ ಭಾಗಾಕಾರವನ್ನು ತಿರುಗಿಸಿ 4ನ್ನು 32ರಿಂದ ಭಾಗಿಸಿದರೆ ರಾಶಿ ಎಂಟನೆಯ ಒಂದು ಪಾಲಾಗುತ್ತದೆ. ವ್ಯತ್ಯಾಸ ಋಣ 3. ಇದರ ಅರ್ಥ ಸರಳ: ಒಂದನ್ನು ತಲುಪಲು ಈ ರಾಶಿಯನ್ನು ಅರ್ಧಿಸಬೇಕಿಲ್ಲ, ಮೂರು ಸಲ ಇಮ್ಮಡಿಸಬೇಕು. ಆಧಾರವು ಒಂದಕ್ಕಿಂತ ಹೆಚ್ಚಿರುವಾಗ ಒಂದರ ಲಘುಗಣಕ ಸೊನ್ನೆ. ಒಂದಕ್ಕಿಂತ ದೊಡ್ಡ ರಾಶಿಗಳದು ಧನ. ಸೊನ್ನೆಗೂ ಒಂದಕ್ಕೂ ನಡುವಣ ರಾಶಿಗಳದು ಋಣ.

ಲಘುಗಣಕವು ಋಣವಾಗುವುದು ಬೇರೆ, ಋಣರಾಶಿಗೆ ಲಘುಗಣಕವಿರುವುದು ಬೇರೆ. ಎರಡನ್ನು ಎಷ್ಟು ಸಲ ಗುಣಿಸಿದರೂ, ಎಷ್ಟು ಸಲ ಅರ್ಧಿಸಿದರೂ ಋಣರಾಶಿ ಹುಟ್ಟದು. ಆದುದರಿಂದ ವಾಸ್ತವ ಸಂಖ್ಯೆಗಳಲ್ಲಿ ಅದಕ್ಕೆ ಲಘುಗಣಕವಿಲ್ಲ. ಈ ಬಗೆಯ ವಿವೇಕ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರಲ್ಲಿಯೂ ಕಾಣುತ್ತದೆ. ಋಣರಾಶಿ ಸ್ವಭಾವತಃ ವರ್ಗವಲ್ಲ, ಹಾಗಾಗಿ ಅದಕ್ಕೆ ವರ್ಗಮೂಲವಿಲ್ಲ ಎಂದು ಗಣಿತಸಾರಸಂಗ್ರಹ ನಿರ್ಣಯಿಸುತ್ತದೆ.

ಹೀಗೆ ಅರ್ಧಚ್ಛೇದವೂ ಋಣದ ಗಣಿತವೂ ಒಂದೇ ಸಾಮ್ರಾಜ್ಯದಲ್ಲಿ ಕೆಲವೇ ದಶಕಗಳ ಅಂತರದಲ್ಲಿ ಸಿದ್ಧವಾಗಿದ್ದವು. ಆದರೆ ಧವಲೆಯ ಪ್ರಯೋಜನ ಹಿರಿಯ ರಾಶಿಗಳ ಅಳತೆ. ಅದರ ಎಣಿಕೆ ಒಂದರಲ್ಲಿ ವಿಶ್ರಮಿಸುತ್ತದೆ. ಲೆಕ್ಕಗಾರನ ಶ್ರಮವನ್ನು ಇಳಿಸುವ ಕೋಷ್ಟಕಗಳು ಬಂದದ್ದು 1614ರಲ್ಲಿ, ಸ್ಕಾಟ್ಲೆಂಡಿನ ಜಾನ್ ನೇಪಿಯರನ ಗ್ರಂಥದಿಂದ. ಆಗ ವಿಜಯಪುರವನ್ನು ಎರಡನೆಯ ಇಬ್ರಾಹಿಂ ಆದಿಲ್‌ಶಾಹ ಆಳುತ್ತಿದ್ದನು. ನೇಪಿಯರನ ಕೀರ್ತಿಯನ್ನು ವೀರಸೇನರಿಗೆ ವರ್ಗಾಯಿಸುವುದು ಇತಿಹಾಸವಾಗದು. ವೀರಸೇನರನ್ನು ಮರೆಯುವುದೂ ಇತಿಹಾಸವಾಗದು. ನಿಯಮದೊಳಗೆ ಅಡಗಿರುವುದನ್ನೂ ನಿಯಮಕಾರನು ಹೇಳಿದ್ದನ್ನೂ ಬೇರ್ಪಡಿಸಿ ಓದುವುದೇ ಈ ಆಚಾರ್ಯರಿಗೆ ಸಲ್ಲಿಸಬಹುದಾದ ನಿಜವಾದ ಗೌರವ.